ಕೋಡು, ಕೂಳು, ಕಸುಬು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ, ಕೊಳಾಲ)

ನಮ್ಮ ಕಡೆ ಕೋಡು ಎಂದರೆ ಎತ್ತಿನ ಕೋಡು, ಬೇರೆ ಅರ್ಥವಿಲ್ಲ. ನಮ್ಮ ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿ ಕೋಡು ಬರೆಯುವ ಕೆಲಸಕ್ಕೆ ಸೇರಿದನೆಂಬ ಸುದ್ದಿ ಕೊಳಾಲಕ್ಕೆ ಬಂದ ದಿನ ನಮ್ಮ ಅಜ್ಜಿ, “ಸಂಕ್ರಾಂತಿಗೆ ಕೋಡಿಗೆ ಬಣ್ಣ ಬಳಿಯೋದು ನೋಡಿದೀನಿ, ಕೋಡು ಬರೆಯೋದು ಯಾವ ಸೀಮೆ ಕೆಲಸವಪ್ಪಾ?” ಎಂದು ಕೇಳಿದರು. ಎಲ್ಲರೂ ನಕ್ಕೆವು. ಆದರೆ ಅಜ್ಜಿಗೆ ಸರಿಯಾದ ಉತ್ತರವನ್ನು ಮಾತ್ರ ನಮ್ಮಲ್ಲಿ ಯಾರೂ ಕೊಡಲಿಲ್ಲ. ಏಕೆಂದರೆ ನಮಗೂ ತಿಳಿದಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ, ಅನ್ನ ಮತ್ತು ವ್ಯಾಪಾರಗಳ ವಿಷಯದಲ್ಲಿಯೂ ನಾನು ಒಂದು ಪಾಠ ಕಲಿಯಬೇಕಾಯಿತು. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಕೋಡಿನ ವಿಚಾರ. ಯಂತ್ರವು ಮಾಡಬೇಕಾದ ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಬರೆದುಕೊಡುವ ಆಜ್ಞೆಗಳ ಸಾಲಿಗೆ ಕೋಡ್ ಎಂದು ಹೆಸರು. ಕಂಪ್ಯೂಟರಿಗೆ ವೇಗವುಂಟು, ವಿವೇಕವಿಲ್ಲ. ಅಜ್ಜಿ ನನಗೆ ಮುದ್ದೆ ಮಾಡುವುದನ್ನು ಕಲಿಸಿದಾಗ ಹೇಳಿದ್ದು ಮೂರೇ ಮಾತು: “ಎಸರು ಮರಳಲಿ, ಹಿಟ್ಟು ಹಾಕು, ಹದ ನೋಡಿ ತಿರುವು.” ‘ಹದ ನೋಡಿ’ ಎಂಬ ಎರಡು ಪದಗಳಲ್ಲಿ ಐವತ್ತು ವರ್ಷದ ಅನುಭವ ಅಡಗಿದೆ. ಯಂತ್ರಕ್ಕೆ ಹದ ತಿಳಿಯದು. ನೀರೆಷ್ಟು, ಹಿಟ್ಟೆಷ್ಟು, ಎಷ್ಟು ನಿಮಿಷ, ಗಂಟು ಕಟ್ಟಿದರೆ ಏನು ಮಾಡಬೇಕು, ನೀರೇ ಇಲ್ಲದಿದ್ದರೆ ಏನು ಮಾಡಬೇಕು ಎಂಬುದನ್ನೆಲ್ಲ ಮುಂಚಿತವಾಗಿ ಬರೆದಿಡಬೇಕು. ಒಂದನ್ನು ಮರೆತರೂ ಮುದ್ದೆಯಲ್ಲಿ ಗಂಟು ಉಳಿಯುತ್ತದೆ. ಅಣ್ಣನ ಕಚೇರಿಯಲ್ಲಿ ಅಂಥ ಗಂಟಿಗೆ ‘ಬಗ್’ ಎನ್ನುತ್ತಾರಂತೆ.

ವೆಬ್ ಪುಟಗಳನ್ನು ಕಟ್ಟುವುದು ಅಣ್ಣನ ಕೆಲಸ. ನಾವು ಫೋನಿನಲ್ಲಿ ಒಂದು ವಿಳಾಸವನ್ನು ಒತ್ತಿದಾಗ, ಎಲ್ಲಿಯೋ ಇರುವ ಸರ್ವರ್ ಎಂಬ ಕಂಪ್ಯೂಟರಿಗೆ ಕೋರಿಕೆ ಹೋಗುತ್ತದೆ. ಅದು ಪುಟವನ್ನು ಕಳುಹಿಸಿಕೊಡುತ್ತದೆ. ಪುಟಕ್ಕೆ ಮೂರು ಭಾಗಗಳು. ಎಚ್.ಟಿ.ಎಂ.ಎಲ್. ಎಂಬುದು ಮನೆಯ ಗೋಡೆ, ಸಿ.ಎಸ್.ಎಸ್. ಎಂಬುದು ಸುಣ್ಣಬಣ್ಣ, ಜಾವಾಸ್ಕ್ರಿಪ್ಟ್ ಎಂಬುದು ಒತ್ತಿದರೆ ದೀಪ ಹತ್ತುವ ಗುಂಡಿ. ಈ ವೆಬ್ ವ್ಯವಸ್ಥೆಯನ್ನು ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಿನೀವಾ ಸಮೀಪದ ಸರ್ನ್ ಸಂಶೋಧನಾಲಯದಲ್ಲಿ ಸೂಚಿಸಿದರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ಅದನ್ನು ಯಾವ ಶುಲ್ಕವೂ ಇಲ್ಲದೆ ಲೋಕದ ಬಳಕೆಗೆ ಬಿಟ್ಟುಕೊಟ್ಟಿತು.

ನಮ್ಮ ನಾಡಿನಲ್ಲಿಯೂ ಇಂಥ ಔದಾರ್ಯಕ್ಕೆ ಉದಾಹರಣೆಯುಂಟು. ನಮ್ಮ ಲಿಪಿಯಲ್ಲಿ ಒತ್ತಕ್ಷರ, ಗುಣಿತಾಕ್ಷರಗಳು ಸೇರಿ ಅಕ್ಷರರೂಪಗಳು ಲೆಕ್ಕವಿಲ್ಲದಷ್ಟು. ಕೀಲಿಮಣೆಯ ಗುಂಡಿಗಳಾದರೋ ಕೆಲವೇ. ಪ್ರತಿಯೊಂದು ರೂಪಕ್ಕೂ ಒಂದೊಂದು ಗುಂಡಿ ಇಡುವುದು ಅಸಾಧ್ಯ. ಕಿನ್ನಿಕಂಬಳ ಪದ್ಮನಾಭ ರಾವ್, ಎಂದರೆ ನಾಡಿಗೆಲ್ಲ ಪರಿಚಿತರಾದ ಕೆ. ಪಿ. ರಾವ್ ಅವರು, ಧ್ವನಿಯ ಕ್ರಮವನ್ನನುಸರಿಸಿ ಮೂಲಾಕ್ಷರಗಳನ್ನಷ್ಟೇ ಒತ್ತಿದರೆ ಒತ್ತು, ಗುಣಿತಗಳು ತಾವಾಗಿಯೇ ಕೂಡಿಕೊಳ್ಳುವಂಥ ವಿನ್ಯಾಸವನ್ನು ರೂಪಿಸಿದರು. ಅದನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಬಂದಿರುವುದು ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯೇ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂದಿತು. ಇತ್ತ 1991ರಲ್ಲಿ ಹೊರಬಂದ ಯೂನಿಕೋಡ್ ಸಂಕೇತಪದ್ಧತಿಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೂ ಸ್ಥಾನ ದೊರೆತುದರಿಂದ, ಇಂದು ಕೊಳಾಲದಲ್ಲಿ ಒತ್ತಿದ ‘ಕ’ ಕ್ಯಾಲಿಫೋರ್ನಿಯದಲ್ಲಿಯೂ ‘ಕ’ ಆಗಿಯೇ ಕಾಣುತ್ತದೆ.

ಇಲ್ಲಿ ಅರ್ಥಶಾಸ್ತ್ರದ ತರಗತಿಯ ಒಂದು ಪಾಠವನ್ನು ಜ್ಞಾಪಿಸಿಕೊಳ್ಳಬೇಕು. ಇನ್ನೂ ಒಂದು ವಸ್ತುವನ್ನು ಹೆಚ್ಚಾಗಿ ತಯಾರಿಸಲು ತಗಲುವ ಖರ್ಚಿಗೆ ಸೀಮಾಂತ ವೆಚ್ಚವೆಂದು ಹೆಸರಷ್ಟೆ. ಕೋಡನ್ನು ಒಮ್ಮೆ ಬರೆದರೆ ಅದರ ಪ್ರತಿ ತೆಗೆಯುವುದಕ್ಕೆ ತಗಲುವ ಖರ್ಚು ಸೊನ್ನೆಗೆ ಸಮೀಪ. ಹತ್ತು ಜನ ಬಳಸಿದರೂ ಅದೇ ದುಡಿಮೆ, ಹತ್ತು ಸಾವಿರ ಜನ ಬಳಸಿದರೂ ಅದೇ ದುಡಿಮೆ. ಒಬ್ಬರ ಶ್ರಮ ಸಾವಿರ ಕೈಗಳಲ್ಲಿ ಬೆಳೆಯುತ್ತದೆ. ಕೋಡಿನ ಮಹಿಮೆಯೂ ಇದೇ, ಅದು ಹುಟ್ಟಿಸುವ ಭ್ರಮೆಯೂ ಇದೇ. ಆ ಭ್ರಮೆಯಿಂದ ಅಣ್ಣ ಒಂದು ಬಗೆಯಲ್ಲಿ ಕೆಟ್ಟ, ನಾನು ಇನ್ನೊಂದು ಬಗೆಯಲ್ಲಿ ಕೆಟ್ಟೆ.

ಅಣ್ಣನ ಕಥೆಯನ್ನು ಮೊದಲು ಹೇಳುತ್ತೇನೆ. ಇದಕ್ಕೆ ಅವನ ಅನುಮತಿಯಿದೆ. ಕಳೆದ ವರ್ಷ ಅವನು ಒಂದು ತಿಂಗಳು ಊರಿನಲ್ಲಿದ್ದುಕೊಂಡೇ ಕೆಲಸ ಮಾಡಲು ಬಂದ. ಜೇಬಿನಲ್ಲಿ ರಕ್ತಪರೀಕ್ಷೆಯ ಕಾಗದವಿತ್ತು. ಇಪ್ಪತ್ತೊಂಬತ್ತರ ವಯಸ್ಸಿಗೇ ಸಕ್ಕರೆ ಗಡಿ ಮುಟ್ಟಿತ್ತು. ಎಚ್‌ಬಿಎ1ಸಿ ಎಂಬ ಆ ಪರೀಕ್ಷೆಯ ತತ್ತ್ವ ಸ್ವಾರಸ್ಯವಾದುದು. ರಕ್ತದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಕೆಂಪು ಕಣಗಳಲ್ಲಿರುವ ಹಿಮೊಗ್ಲೋಬಿನ್ನಿಗೆ ಅದು ಹೆಚ್ಚಾಗಿ ಅಂಟಿಕೊಳ್ಳುತ್ತದೆ. ಆ ಕಣಗಳ ಆಯುಸ್ಸು ಸುಮಾರು 120 ದಿನ. ಆದುದರಿಂದ ಎರಡು ಮೂರು ತಿಂಗಳ ಸರಾಸರಿ ಲೆಕ್ಕ ಅಲ್ಲಿ ಬರೆದಿರುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸವಿದ್ದ ಮಾತ್ರಕ್ಕೆ ಆ ಲೆಕ್ಕ ಅಳಿಸಿಹೋಗದು. ಅಂಕಿ 5.7ರಿಂದ 6.4ರ ವರೆಗಿದ್ದರೆ ಎಚ್ಚರಿಕೆ, 6.5 ಮುಟ್ಟಿದರೆ ಮಧುಮೇಹದ ಲಕ್ಷಣ. ಅಣ್ಣನದು 6.2.

“ಒಂದು ತಿಂಗಳು ಮೂರು ಹೊತ್ತೂ ಮುದ್ದೆ ತಿಂತೀನಿ, ಸರಿಹೋಗುತ್ತೆ” ಎಂದು ಅಣ್ಣ ಹೇಳಿದ. ರಾಗಿಯ ಮೇಲೆ ನಮಗೆಲ್ಲ ಇರುವ ಅಭಿಮಾನ ಅಕಾರಣವಾದುದಲ್ಲ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳವಾಗಿ, ಆರು ತಿಂಗಳ ಸೆರೆವಾಸದಲ್ಲಿ ಕೆಡದೆ ಉಳಿದ ರಾಗಿಗೆ ಶ್ರೀರಾಮನ ಮನ್ನಣೆ ಸಲ್ಲುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದ ಅಂಶವುಂಟು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮಿನ ಆಸುಪಾಸು. ನಾರಿನಂಶವೂ ಹೆಚ್ಚು. ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆದರೆ ಇನ್ನೊಂದು ಮಾತನ್ನೂ ಮರೆಯಬಾರದು: ರಾಗಿಯ ತೂಕದಲ್ಲಿ ಹೆಚ್ಚಿನ ಪಾಲು ಪಿಷ್ಟವೇ. ನುಣ್ಣಗೆ ಬೀಸಿ ಬೇಯಿಸಿದಾಗ ಅದು ಬೇಗನೆ ಜೀರ್ಣವಾಗಿ ಸಕ್ಕರೆಯಾಗುತ್ತದೆ. ಮುದ್ದೆ ಊಟವೇ ಹೊರತು ಔಷಧವಲ್ಲ.

ನಮ್ಮ ಅಜ್ಜಿ ದೊಡ್ಡ ಮುದ್ದೆ ಉಂಡು ಹೊಲಕ್ಕೆ ಹೋಗುತ್ತಿದ್ದವರು. ಕಳೆ ಕೀಳುತ್ತ ಸಂಜೆಯೊಳಗೆ ಅದನ್ನು ಅರಗಿಸುತ್ತಿದ್ದವರು. ಅಣ್ಣ ಅದೇ ಗಾತ್ರದ ಮುದ್ದೆ ಉಂಡು ಹತ್ತು ಗಂಟೆ ಕುರ್ಚಿಯಲ್ಲಿ ಕುಳಿತ. ಮುದ್ದೆ ಒಂದೇ, ದುಡಿಮೆ ಬೇರೆ. ಇದನ್ನು ಕಂಡ ಅಜ್ಜಿಯೇ ಒಂದು ದಿನ, “ಕೂತು ತಿನ್ನೋನಿಗೆ ಯಾಕಪ್ಪಾ ಉಳೋನ ಮುದ್ದೆ?” ಎಂದುಬಿಟ್ಟರು. ವೈದ್ಯರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಮುದ್ದೆ ಚಿಕ್ಕದಾಗಲಿ, ಬಸ್ಸಾರಿನ ಕಾಳು ಸೊಪ್ಪು ಹೆಚ್ಚಲಿ, ದಿನವೂ ನಡಿಗೆಯಿರಲಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆಯಿತ್ತಿದೆ. ಅಣ್ಣ ಬೆಳಗ್ಗೆ ಕೆರೆ ಏರಿಯ ಮೇಲೆ ನಡೆಯತೊಡಗಿದ. ಅವನೇ ಒಂದು ದಿನ ನನಗೆ ಹೇಳಿದ: “ಕೋಡು ಒಂದ್ಸಲ ಸರಿ ಬರೆದ್ರೆ ವರ್ಷಗಟ್ಟಲೆ ಓಡುತ್ತೆ ಕಣೇ. ಮೈಯೂ ಹಂಗೇ ಅಂದ್ಕೊಂಡಿದ್ದೆ. ಇದನ್ನ ದಿನಾ ಬರೀಬೇಕು.” ಆರು ತಿಂಗಳ ಮೇಲೆ ಅಂಕಿ 5.9ಕ್ಕೆ ಇಳಿಯಿತು. ಎಚ್ಚರಿಕೆಯ ಗಡಿಯನ್ನು ಇನ್ನೂ ದಾಟಿಲ್ಲ, ನಡಿಗೆಯನ್ನೂ ನಿಲ್ಲಿಸಿಲ್ಲ.

ಇನ್ನು ನನ್ನ ಸೋಲಿನ ಕಥೆ. ಅಣ್ಣ ಮರಳಿ ಹೋಗುವಾಗ ಅಮ್ಮ ಕಟ್ಟಿಕೊಟ್ಟ ರಾಗಿ ಹುರಿಹಿಟ್ಟನ್ನು ಅವನ ಜೊತೆಯವರು ರುಚಿ ನೋಡಿ, ನಮಗೂ ಬೇಕೆಂದರು. ನಮಗಿರುವುದು ಎರಡು ಎಕರೆ ಖುಷ್ಕಿ ಜಮೀನು; ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಕೂಲಿ. ಇದೊಂದು ಕಸುಬಾದೀತೆಂದು ನನಗೆ ಆಸೆ ಹುಟ್ಟಿತು. ಅಣ್ಣನಿಂದ ಫೋನಿನಲ್ಲೇ ಪಾಠ ಹೇಳಿಸಿಕೊಂಡು, ಕಾಲೇಜಿನ ಕಂಪ್ಯೂಟರಿನಲ್ಲಿ ಕುಳಿತು, ಎರಡು ತಿಂಗಳಲ್ಲಿ ಒಂದು ಪುಟ್ಟ ಕನ್ನಡ ವೆಬ್ ಪುಟವನ್ನು ಕಟ್ಟಿದೆ. ಹೆಸರು, ವಿಳಾಸ, ಎಷ್ಟು ಕಿಲೋ ಎಂದು ಬರೆದರೆ ಒಟ್ಟು ಬೆಲೆಯನ್ನು ತಾನೇ ಲೆಕ್ಕ ಹಾಕುತ್ತಿತ್ತು. ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವಳೆಂಬ ಹೆಮ್ಮೆ ಅಂದು ತುಸು ಹೆಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆ ಪುಟದಲ್ಲಿ “ಸಕ್ಕರೆ ಕಾಯಿಲೆಗೆ ಮದ್ದು” ಎಂದು ಹಾಕಿದರೆ ಚೆನ್ನಾಗಿ ಹೋಗುತ್ತದೆಂದು ಒಬ್ಬ ಗೆಳತಿ ಸೂಚಿಸಿದಳು. ಅಣ್ಣನ ಕಾಗದವನ್ನು ಕಣ್ಣಾರೆ ಕಂಡಿದ್ದ ನನಗೆ ಆ ಸುಳ್ಳನ್ನು ಬರೆಯಲು ಕೈ ಬರಲಿಲ್ಲ.

ಲೆಕ್ಕ ಹೀಗಿತ್ತು. ಒಂದು ಕಿಲೋ ಹಿಟ್ಟಿಗೆ ಬೇಕಾಗುವ ರಾಗಿ 50 ರೂಪಾಯಿ, ಸೌದೆ ಮತ್ತು ಗಿರಣಿ 15, ಚೀಲ 5, ಒಟ್ಟು 70. ಬೆಲೆ 110. ಕಿಲೋಗೆ 40 ರೂಪಾಯಿ ಲಾಭ. ಹನ್ನೆರಡು ಮನೆಗಳಿಂದ ಒಂದೊಂದು ಕಿಲೋ ಕೇಳಿಕೆ ಬಂದಿತು. ನನ್ನ ಎಣಿಕೆಯಂತೆ 480 ರೂಪಾಯಿ ಉಳಿಯಬೇಕಾಗಿತ್ತು. ಆದರೆ ಒಂದೊಂದು ಚೀಲವನ್ನೂ ಬೇರೆಬೇರೆ ವಿಳಾಸಕ್ಕೆ ಕೊರಿಯರ್ ಮಾಡಲು ತಲಾ 60ರಂತೆ 720 ರೂಪಾಯಿ ಹೋಯಿತು. ಉಳಿದದ್ದು ನಷ್ಟ 240. ಹನ್ನೆರಡರ ಬದಲು ನೂರು ಮನೆಗಳಿಂದ ಕೇಳಿಕೆ ಬಂದಿದ್ದರೆ ನಷ್ಟವೂ 2,000 ಆಗುತ್ತಿತ್ತು. ಕೋಡಿನಲ್ಲಾದರೆ ಜನ ಹೆಚ್ಚಿದಷ್ಟೂ ತಲಾ ಖರ್ಚು ಇಳಿಯುತ್ತದೆ, ಹಿಟ್ಟು ಹಾಗಲ್ಲ. ಪ್ರತಿ ಕಿಲೋವನ್ನೂ ಹೊಸದಾಗಿ ನೆನೆಸಬೇಕು, ಆರಿಸಬೇಕು, ಅರಳು ಹುರಿಯಬೇಕು, ಬೀಸಬೇಕು, ಹೊರಬೇಕು.

ಈ ಲೆಕ್ಕವನ್ನು ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ಒಲೆಯ ಮುಂದೆ ಕೂತು ಹುರಿದು ಅವರ ಮುಂಗೈಯೆಲ್ಲ ಕೆಂಪಗಾಗಿತ್ತು. ನಷ್ಟದ ಮಾತಿಗೆ ಅವರು ಬೇಸರಪಡಲಿಲ್ಲ. ಎಲ್ಲವನ್ನೂ ಕೇಳಿ, “ಎಲ್ಲಾ ಬರೆದಿದ್ದೀಯವ್ವಾ, ನನ್ನ ಕೂಲಿ ಎಲ್ಲಿ ಬರೆದಿದ್ದೀಯ?” ಎಂದು ಕೇಳಿದರು.

ನಾನು ಬರೆದಿರಲಿಲ್ಲ. ಸೌದೆಗೆ ಒಂದು ಸಾಲು ಇತ್ತು, ಚೀಲಕ್ಕೆ ಒಂದು ಸಾಲು ಇತ್ತು; ಅಮ್ಮನ ದುಡಿಮೆಗೆ ಸಾಲೇ ಇರಲಿಲ್ಲ. ಯಂತ್ರವು ಬರೆದದ್ದನ್ನು ಮಾತ್ರ ಲೆಕ್ಕ ಹಾಕುತ್ತದೆ. ಮೂರು ವರ್ಷ ಅರ್ಥಶಾಸ್ತ್ರ ಓದಿದ ನನ್ನ ಕಣ್ಣಿಗೆ ಬೀಳದ ಗಂಟು, ಶಾಲೆಯ ಮುಖ ಕಾಣದ ಅಮ್ಮನ ಕಣ್ಣಿಗೆ ಬಿದ್ದಿತು.

ಮಾರನೆಯ ವಾರ ಕೋಡನ್ನೂ ಬೆಲೆಯನ್ನೂ ತಿದ್ದಿದೆ. ಈಗ ಮನೆಮನೆಗೆ ಕಳುಹಿಸುವುದಿಲ್ಲ. ತಿಂಗಳಿಗೊಮ್ಮೆ ಅಣ್ಣ ಊರಿಗೆ ಬಂದು ಹೋಗುವಾಗ ಇಪ್ಪತ್ತು ಕಿಲೋ ಒಟ್ಟಿಗೆ ಒಯ್ಯುತ್ತಾನೆ. ಬೆಲೆ ಕಿಲೋಗೆ 160. ಬರುವ 3,200 ರೂಪಾಯಿಗಳಲ್ಲಿ ಸಾಮಾನಿನ ಖರ್ಚು 1,400, ಬಸ್ಸಿನ ಲಗೇಜು 100, ಅಮ್ಮನ ಕೂಲಿ 800, ಉಳಿಯುವುದು 900. ಕೂಲಿಯ ಹಣವನ್ನು ಮೊದಲು ಅಮ್ಮನ ಕೈಗೆ ಕೊಟ್ಟೇ ಮಿಕ್ಕ ಲೆಕ್ಕ. ಬೆಲೆ ಹೆಚ್ಚಾಯಿತೆಂದು ನಾಲ್ಕು ಮನೆಯವರು ಬಿಟ್ಟರು. ಎಂಟು ಮನೆಯವರು ಉಳಿದರು, ಅವರಿಂದ ಬೇರೆಯವರೂ ಸೇರಿದರು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಸಣ್ಣ ತಯಾರಕರೂ ನೋಂದಾಯಿಸಿಕೊಳ್ಳಬೇಕೆಂದು ತಿಳಿದು ಅದನ್ನೂ ಮಾಡಿಸಿದೆವು.

ಹಾಗಾದರೆ ಅಣ್ಣನ ಕಸುಬು ಮೇಲು, ಅಮ್ಮನ ಕಸುಬು ಕೀಳು ಎನ್ನಬಹುದೇ? ನನಗೆ ಹಾಗೆ ತೋರುವುದಿಲ್ಲ. ಶಿಡ್ಲಘಟ್ಟದಲ್ಲಿ ಹುಟ್ಟಿದ ಎನ್. ಆರ್. ನಾರಾಯಣಮೂರ್ತಿಯವರು ಆರು ಮಂದಿ ಜೊತೆಗಾರರೊಡನೆ 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಆರಂಭಿಸಿದಾಗ ಬಂಡವಾಳ ಹತ್ತು ಸಾವಿರ ರೂಪಾಯಿ. 1983ರಲ್ಲಿ ಅದು ಬೆಂಗಳೂರಿಗೆ ಬಂದಿತು. ಇಂಥ ಉದ್ಯಮಗಳು ಬೆಳೆದದ್ದು ಬಹುಮಟ್ಟಿಗೆ ಪರದೇಶದ ಗಿರಾಕಿಗಳಿಗೆ ನಮ್ಮ ತರುಣರ ದುಡಿಮೆಯ ಗಂಟೆಗಳನ್ನು ಒದಗಿಸಿಯೇ. ಕೋಡಿಗೆ ಪ್ರತಿ ತೆಗೆಯಬಹುದು, ಕೋಡು ಬರೆಯುವವನ ಗಂಟೆಗಳಿಗೆ ಪ್ರತಿಯಿಲ್ಲ. ಆ ಮಟ್ಟಿಗೆ ಅಣ್ಣನ ಕುರ್ಚಿಯೂ ಅಮ್ಮನ ಒಲೆಯೂ ಒಂದೇ ಜಾತಿಯವು.

ಈ ಎರಡರ ನಡುವೆ ಮೂರನೆಯದೊಂದುಂಟು, ಅದು ಬೀಜ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ. ಎಚ್. ಲಕ್ಷ್ಮಣಯ್ಯನವರು ಮಂಡ್ಯದ ವಿ. ಸಿ. ಫಾರಂನಲ್ಲಿ ನಮ್ಮ ದೇಶದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಇಂಡಿಯಾ ಮತ್ತು ಆಫ್ರಿಕ ಎಂಬೆರಡು ಹೆಸರುಗಳು ಕೂಡಿ ಆದ ಹೆಸರದು. ಒಬ್ಬ ವಿಜ್ಞಾನಿಯ ತಾಳ್ಮೆ ಸಾವಿರಾರು ಹೊಲಗಳಲ್ಲಿ ಮೊಳೆಯಿತು. ಕೆ. ಪಿ. ರಾವ್ ಅವರ ಕೀಲಿಮಣೆಯೂ ಅಂಥ ಬೀಜವೇ. ಆದರೆ ಎಂಥ ಬೀಜವಾದರೂ ಉಳುವ, ಕಳೆ ಕೀಳುವ, ಹುರಿಯುವ ಕೈಗಳ ದುಡಿಮೆಯನ್ನು ತಪ್ಪಿಸಲಾರದು; ಅದರ ಫಲವನ್ನು ಹೆಚ್ಚಿಸಬಲ್ಲದು, ಅಷ್ಟೆ.

ಆದಕಾರಣ ಹೊಸ ಕಸುಬಿಗೆ ಕೈಹಾಕುವ ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೆ: ಒಮ್ಮೆ ಮಾಡಿದರೆ ಸಾಕಾಗುವುದು ಯಾವುದು, ದಿನವೂ ಮಾಡಬೇಕಾದದ್ದು ಯಾವುದು ಎಂದು ಮೊದಲು ಎರಡು ಪಟ್ಟಿ ಬರೆದುಕೊಳ್ಳಿರಿ. ಎರಡನೆಯ ಪಟ್ಟಿಯಲ್ಲಿ ನಿಮ್ಮ ಮೈಯನ್ನು ಸೇರಿಸಿರಿ. ಮನೆಯವರ ಕೂಲಿಯನ್ನೂ ಸೇರಿಸಿರಿ.

ಬಿ.ಎ. ಮುಗಿಸಿ ಏನು ಮಾಡುತ್ತೀಯೆಂದು ಅಪ್ಪ ಆಗಾಗ ಕೇಳುತ್ತಾರೆ. ಕೋಡನ್ನು ಇನ್ನೂ ಕಲಿಯುವೆನೆಂದು ಹೇಳಿದ್ದೇನೆ. ಸುತ್ತಮುತ್ತಲಿನ ಊರುಗಳಲ್ಲಿ ಅಮ್ಮನಂತೆ ಹಪ್ಪಳ, ಹುರಿಹಿಟ್ಟು, ಹುಣಸೆಹಣ್ಣು ಮಾರುವ ಹೆಂಗಸರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ಕನ್ನಡದಲ್ಲಿ ಒಂದು ಲೆಕ್ಕದ ಪುಟ ಬರೆದುಕೊಡುವ ಯೋಚನೆಯಿದೆ. ಅದರ ಮೊದಲ ಸಾಲನ್ನು ಆಗಲೇ ಬರೆದಿಟ್ಟಿದ್ದೇನೆ: ‘ನಿಮ್ಮ ಕೂಲಿ ಎಷ್ಟು?’ ಅದನ್ನು ತುಂಬದೆ ಪುಟ ಮುಂದಕ್ಕೆ ಹೋಗುವುದಿಲ್ಲ.

ಅಜ್ಜಿಗೆ ಇದನ್ನು ವಿವರಿಸಿದಾಗ, “ಹಂಗಾದ್ರೆ ಇದು ಎತ್ತಿನ ಕೋಡಲ್ಲ, ಕೂಲಿ ಕೇಳೋ ಕೋಡು” ಎಂದರು. ಅವರ ಅಂದಿನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಭಾವಿಸಿದ್ದೇನೆ.