ಪುಟದ ನೆತ್ತಿಯ ಮೇಲಿನ ಹೆಸರು

ಸ್ಮರಣ ಸಂಚಿಕೆಯ ಕೆಲಸ ಹೊತ್ತುಕೊಂಡಿರುವ ಮಕ್ಕಳೇ, ಬಂದ ಲೇಖನಗಳನ್ನೆಲ್ಲ ಒಂದೇ ಫೈಲಿಗೆ ಸುರಿಯುವ ಮೊದಲು ಈ ಹಿರಿಯನ ಮಾತು ಸ್ವಲ್ಪ ಕೇಳಿ. ನಮ್ಮ ಉಡುಪಿ, ಕಾಪು, ಕಾರ್ಕಳದ ಕಡೆ ದೇವಸ್ಥಾನಕ್ಕೆ ಬ್ರಹ್ಮಕಲಶವಾದರೆ, ಶಾಲೆಗೆ ನೂರು ತುಂಬಿದರೆ, ಯಕ್ಷಗಾನ ಸಂಘಕ್ಕೆ ಐವತ್ತಾದರೆ ಒಂದು ಸಂಚಿಕೆ ಬರುವುದು ವಾಡಿಕೆ. ಅದನ್ನು ಜಾಹೀರಾತಿನ ಪುಸ್ತಕ ಎಂದು ಹಗುರವಾಗಿ ಕಾಣಬೇಡಿ. ಊರಿನ ಗುತ್ತಿನ ಮನೆಗಳ ಸಂಗತಿ, ದೈವಸ್ಥಾನದ ಕಟ್ಟುಕಟ್ಟಳೆ, ಹಳೆಯ ಮೇಷ್ಟ್ರುಗಳ ಪಟ್ಟಿ ಎಷ್ಟೋ ಸಲ ಅಚ್ಚಾಗಿರುವುದು ಅದೊಂದರಲ್ಲೇ.

ಓದುವವರು ಇಡೀ ಸಂಚಿಕೆಯನ್ನು ಹೊತ್ತುಕೊಂಡು ಹೋಗುವುದಿಲ್ಲ. ಬೇಕಾದ ನಾಲ್ಕು ಪುಟ ಜೆರಾಕ್ಸ್ ಮಾಡಿಸುತ್ತಾರೆ, ಈಗಾದರೆ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಾರೆ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ತುಳು ನಿಘಂಟನ್ನು ಹೊರತಂದಿತು. ಅಂಥ ಗ್ರಂಥದಿಂದಲೂ ಜನ ಒಯ್ಯುವುದು ಒಂದೆರಡು ಹಾಳೆ. ಆ ಬಿಡಿ ಹಾಳೆ ಯಾವ ಪುಸ್ತಕದ್ದು, ಬರೆದವರು ಯಾರು, ಎಷ್ಟನೆಯ ಪುಟ ಎಂದು ಹೇಳಲು ಇರುವುದು ಮೇಲಿನ ಹೆಡರ್, ಕೆಳಗಿನ ಫೂಟರ್ ಎರಡೇ. ಕಾರ್ಕಳದ ಬಾಹುಬಲಿ 1432ರಲ್ಲಿ ಪ್ರತಿಷ್ಠೆಯಾದ ಬಗ್ಗೆ ಒಬ್ಬರು ಕಷ್ಟಪಟ್ಟು ಶಾಸನ ಓದಿ ಬರೆದಿರುತ್ತಾರೆ ಎಂದಿಟ್ಟುಕೊಳ್ಳಿ. ಅದರ ನೆತ್ತಿಯಲ್ಲಿ ಪಕ್ಕದ ಲೇಖನದವರ ಹೆಸರು ಕೂತರೆ ಆ ತಪ್ಪು ನಾಳೆ ಯಾರದೋ ಪ್ರಬಂಧದ ಅಡಿಟಿಪ್ಪಣಿಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ಆಮೇಲೆ ತಿದ್ದುವವರು ಯಾರು?

ಪ್ರೆಸ್ಸಿನವರೇ ಪೇಜ್‌ಮೇಕರ್‌ನಲ್ಲೋ ಇನ್‌ಡಿಸೈನ್‌ನಲ್ಲೋ ಪುಟ ಕಟ್ಟುವುದಾದರೆ ಈ ಹೊಣೆ ಅವರದು. ನೀವೇ ವರ್ಡ್‌ನಲ್ಲಿ ಕಟ್ಟಿ ಪಿಡಿಎಫ್ ಕೊಡುವುದಾದರೆ ಒಂದು ವಿಷಯ ಚೆನ್ನಾಗಿ ತಿಳಿದಿರಬೇಕು: ಹೆಡರ್ ಪುಟದ ಸ್ವತ್ತಲ್ಲ, ಸೆಕ್ಷನ್ನಿನ ಸ್ವತ್ತು. ಒಂದು ಸೆಕ್ಷನ್ನಿನ ಹೆಡರ್, ಫೂಟರ್, ಮಾರ್ಜಿನ್, ಕಾಗದದ ಅಳತೆ ಎಲ್ಲವೂ ಅದರ ಕೊನೆಯಲ್ಲಿರುವ ಸೆಕ್ಷನ್ ಬ್ರೇಕಿನಲ್ಲಿ ಅಡಗಿರುತ್ತವೆ. ಕಡೆಯ ಸೆಕ್ಷನ್ನಿಗೆ ಬ್ರೇಕ್ ಇರುವುದಿಲ್ಲ. ಅದರ ಲೆಕ್ಕಾಚಾರ ಇರುವುದು ಫೈಲಿನ ಕಟ್ಟಕಡೆಯ ಪ್ಯಾರಾ ಗುರುತಿನಲ್ಲಿ. ಹಾಗಾಗಿಯೇ ಒಂದು ಲೇಖನವನ್ನು ತಂದು ಸೇರಿಸಿದಾಗ ಬರಹ ಬರುತ್ತದೆ, ಹೆಡರ್ ಮಾತ್ರ ಹಿಂದೆಯೇ ಉಳಿದುಬಿಡುತ್ತದೆ. ಹೆಡರ್ ಸಮೇತ ತರಬೇಕಾದರೆ ಆ ಲೇಖನದ ಕೊನೆಯಲ್ಲಿ ಮೊದಲೇ ಒಂದು ‘ನೆಕ್ಸ್ಟ್ ಪೇಜ್’ ಸೆಕ್ಷನ್ ಬ್ರೇಕ್ ಹಾಕಿ, ಮುಖ್ಯ ಫೈಲಿನಲ್ಲಿ ಅದು ಬಂದು ಕೂರುವ ಜಾಗಕ್ಕೂ ಒಂದು ಬ್ರೇಕ್ ಕೊಟ್ಟು, ಆಮೇಲೆ ತನ್ನಿ.

ಇನ್ನು ‘ಲಿಂಕ್ ಟು ಪ್ರೀವಿಯಸ್’. ಹೊಸ ಬ್ರೇಕ್ ಹಾಕಿದ ಕೂಡಲೇ ಮುಂದಿನ ಸೆಕ್ಷನ್ ಹಿಂದಿನದರ ಹೆಡರನ್ನೇ ಹೊದ್ದುಕೊಳ್ಳುತ್ತದೆ. ಆ ಕೊಂಡಿ ಕಳಚದೆ ಮೂರನೆಯ ಲೇಖನದ ಹೆಸರು ತಿದ್ದಿದರೆ ಎರಡನೆಯದರ ನೆತ್ತಿಯಲ್ಲೂ ಅದೇ ಹೆಸರು ಬರುತ್ತದೆ. ಹೆಡರ್ ಮತ್ತು ಫೂಟರ್‌ಗಳ ಕೊಂಡಿ ಬೇರೆ ಬೇರೆ. ಮೊದಲ ಪುಟ, ಎಡಪುಟ, ಬಲಪುಟಗಳಿಗೆ ಬೇರೆ ಬೇರೆ ಹೆಡರ್ ಇಟ್ಟಿದ್ದರೆ ಅವುಗಳ ಕೊಂಡಿಯೂ ಬೇರೆ ಬೇರೆ. ಪ್ರತಿಯೊಂದನ್ನೂ ಕ್ಲಿಕ್ ಮಾಡಿ ನೋಡಬೇಕು, ಬೇರೆ ದಾರಿಯಿಲ್ಲ. ಸುಮ್ಮನೆ ಖಾಲಿ ಪುಟ ಕಾಣುತ್ತಿದೆ ಎಂದು ಸೆಕ್ಷನ್ ಬ್ರೇಕನ್ನು ಅಳಿಸಲು ಹೋಗಬೇಡಿ. ಅಳಿಸಿದರೆ ಮೇಲಿನ ಲೇಖನ ಕೆಳಗಿನ ಸೆಕ್ಷನ್ನಿಗೆ ಸೇರಿ, ಅದರ ಹೆಡರ್ ಇದಕ್ಕೂ ಅಂಟುತ್ತದೆ. ಕೆಲಸ ಮುಗಿಯುವವರೆಗೆ ಪ್ಯಾರಾ ಗುರುತುಗಳನ್ನು ಕಾಣುವಂತೆ ತೆರೆದಿಟ್ಟುಕೊಳ್ಳಿ.

ಆದರೆ ಇಪ್ಪತ್ತು ಮೂವತ್ತು ಲೇಖನಗಳ ಸಂಚಿಕೆಗೆ ಇಷ್ಟೊಂದು ಸೆಕ್ಷನ್ ಬೇಕೇ? ಬೇಡ ಎಂದೇ ನನ್ನ ಅಭಿಪ್ರಾಯ. ಲೇಖಕರು ಹಾಕಿ ಕಳಿಸಿದ ಹೆಡರುಗಳನ್ನೆಲ್ಲ ಬಿಟ್ಟುಬಿಡಿ. ಪ್ರತಿ ಲೇಖನದ ತಲೆಬರಹಕ್ಕೆ ಒಂದು ಸ್ಟೈಲ್, ಲೇಖಕರ ಹೆಸರಿಗೆ ಇನ್ನೊಂದು ಸ್ಟೈಲ್ ಕೊಡಿ. ಎಡಪುಟದಲ್ಲಿ ಸಂಚಿಕೆಯ ಹೆಸರು ಮತ್ತು ವರ್ಷ ಇರಲಿ. ಬಲಪುಟದ ಹೆಡರಿನಲ್ಲಿ ‘ಸ್ಟೈಲ್‌ರೆಫ್’ ಎಂಬ ಫೀಲ್ಡ್ ಇಡಿ. ಅದು ಆ ಪುಟದಲ್ಲಿ ಆ ಸ್ಟೈಲಿನ ಸಾಲನ್ನು ಹುಡುಕುತ್ತದೆ, ಸಿಗದಿದ್ದರೆ ಹಿಂದಿನ ಪುಟಗಳಿಗೆ ಹೋಗಿ ತರುತ್ತದೆ. ಸಂಪಾದಕರು ಕಡೇ ಗಳಿಗೆಯಲ್ಲಿ ಲೇಖನಗಳನ್ನು ಹಿಂದುಮುಂದು ಮಾಡಿದರೂ ಹೆಸರು ಲೇಖನದ ಜೊತೆಗೇ ನಡೆಯುತ್ತದೆ. ಒಂದೇ ಎಚ್ಚರ: ಪ್ರತಿ ಲೇಖನ ಹೊಸ ಪುಟದಿಂದಲೇ ಶುರುವಾಗಬೇಕು. ಪುಟದ ನಡುವೆ ಶುರುವಾದರೆ ಹೊಸ ಲೇಖನದ ಹೆಸರು ಹಳೆಯದರ ಕೊನೆಯ ಸಾಲುಗಳ ಮೇಲೂ ಕೂರುತ್ತದೆ. ಶುಭಾಶಂಸನೆ, ಮುನ್ನುಡಿಗಳಿಗೆ ರೋಮನ್ ಅಂಕಿ ಬೇಕಾದರೆ ಅಲ್ಲಿಗೆ ಮಾತ್ರ ಒಂದು ಸೆಕ್ಷನ್ ಬ್ರೇಕ್ ಸಾಕು.

ಲಿಬ್ರೆ ಆಫೀಸ್‌ನಲ್ಲಿ ಕ್ರಮ ಬೇರೆ. ಅಲ್ಲಿ ಹೆಡರ್ ಇರುವುದು ಪುಟದ ಸ್ಟೈಲಿನಲ್ಲಿ. ಎರಡು ಫೈಲುಗಳಲ್ಲಿ ಒಂದೇ ಹೆಸರಿನ ಸ್ಟೈಲ್ ಇದ್ದರೆ ಮುಖ್ಯ ಫೈಲಿನದೇ ಗೆಲ್ಲುತ್ತದೆ. ಆದ್ದರಿಂದ ಸೇರಿಸುವ ಮೊದಲೇ ಹೆಸರು ಬದಲಿಸಿ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ನಮ್ಮ ಕರಾವಳಿಯವರೇ ಆದ ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸ ‘ನುಡಿ’ ತಂತ್ರಾಂಶದಲ್ಲೂ ಬಂದು, ಕನ್ನಡ ಟೈಪಿಂಗ್ ಮನೆಮನೆಗೆ ತಲುಪಿತು. ಹಿರಿಯ ಲೇಖಕರಲ್ಲಿ ಹಲವರು ಇಂದಿಗೂ ಹಳೆಯ ನುಡಿ ಫಾಂಟಿನಲ್ಲೇ ಕಳಿಸುತ್ತಾರೆ. ನೀವು ಬರಹವನ್ನು ಕಾಪಿ ಮಾಡಿ ಯುನಿಕೋಡ್‌ಗೆ ಪರಿವರ್ತಿಸುವಾಗ ಹೆಡರ್, ಫೂಟರ್, ಅಡಿಟಿಪ್ಪಣಿ ಹಾಗೇ ಹಿಂದೆ ಉಳಿಯುತ್ತವೆ. ಫಾಂಟ್ ಬದಲಾದಾಗ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಬೇರೆಯಾಗಿಯೇ ತೆಗೆದು ಪರಿವರ್ತಿಸಿ. ಅಡಿಟಿಪ್ಪಣಿ ಕಳೆದರಂತೂ ಲೇಖಕರಿಗೆ ನೀವು ಮುಖ ತೋರಿಸುವ ಹಾಗಿಲ್ಲ.

ಮಣಿಪಾಲದಲ್ಲಿ ಓದುತ್ತಿರುವ ಮಕ್ಕಳೇ, ನಾಲ್ವರು ಸೇರಿ ಬರೆದ ಪ್ರಾಜೆಕ್ಟ್ ವರದಿಗೂ ಇದೇ ಮಾತು ಅನ್ವಯ. ಅಧ್ಯಾಯ ಒಟ್ಟುಗೂಡಿಸುವ ಕೆಲಸ ಒಬ್ಬರ ಕೈಯಲ್ಲೇ ಇರಲಿ. ಎಲ್ಲರಿಗೂ ಮೊದಲೇ ಒಂದೇ ಟೆಂಪ್ಲೇಟ್ ಹಂಚಿ.

ಕೊನೆಗೆ, ಪರದೆಯನ್ನು ನಂಬಿ ಪ್ರೆಸ್ಸಿಗೆ ಕಳಿಸಬೇಡಿ. ಪ್ರತಿ ಲೇಖನದ ಕೊನೆಯ ಪುಟ, ಮುಂದಿನದರ ಮೊದಲ ಎರಡು ಪುಟ, ಇಷ್ಟನ್ನು ಪ್ರಿಂಟ್ ತೆಗೆಯಿರಿ. ಪರಿವಿಡಿಯನ್ನು ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪುಟದ ನೆತ್ತಿ ನೋಡುತ್ತಾ ಹೋಗಲಿ. ಒಂದು ಸಂಜೆಯ ಕೆಲಸ ಅಷ್ಟೇ. ದಯಮಾಡಿ ಅದನ್ನು ಬಿಡಬೇಡಿ.