ಮಾಳಿಗೆಯ ಸುತ್ತ ಒಂದು ಗೋಡೆ



ಹೊಸ ಮನೆ ಕಟ್ಟುವವರಿಗಾಗಿ ಪವಿತ್ರ ಬೈಬಲಿನಲ್ಲಿ ಒಂದು ನಿಯಮವಿದೆ. ಧರ್ಮೋಪದೇಶಕಾಂಡದ 22ನೇ ಅಧ್ಯಾಯದ 8ನೇ ವಚನ ತೆರೆದು ನೋಡಿ. ಮಾಳಿಗೆಯ ಸುತ್ತ ಗೋಡೆ ಕಟ್ಟಿಸಬೇಕು. ಕಟ್ಟಿಸದೆ ಯಾರಾದರೂ ಮೇಲಿನಿಂದ ಬಿದ್ದು ಸತ್ತರೆ ಆ ಸಾವಿನ ಹೊಣೆ ಮನೆಯವರ ಮೇಲೆ. ಆ ನಾಡಿನ ಮಾಳಿಗೆಗಳು ಸಮತಟ್ಟಾಗಿದ್ದವು. ಜನ ಅಲ್ಲಿ ನಾರು ಒಣಗಿಸುತ್ತಿದ್ದರು, ಪ್ರಾರ್ಥನೆಗೂ ಅಲ್ಲಿಗೇ ಹೋಗುತ್ತಿದ್ದರು. ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿ ಗುಂಡಿಯ ಮಾತೂ ಬರುತ್ತದೆ: ತೋಡಿದ ಗುಂಡಿಯನ್ನು ಮುಚ್ಚದೆ ಬಿಟ್ಟು ಅದರಲ್ಲಿ ಇನ್ನೊಬ್ಬರ ಎತ್ತು ಬಿದ್ದರೆ ತೋಡಿದವನೇ ಬೆಲೆ ತೆರಬೇಕು. "ದೇವರು ಇಟ್ಟಂತಾಗಲಿ" ಎಂದು ಕೈಕಟ್ಟಿ ಕೂರುವವರಿಗೆ ಈ ವಚನಗಳಲ್ಲಿ ಜಾಗವಿಲ್ಲ.

ಗುಂಡಿಯ ಮಾತು ಬಂದದ್ದರಿಂದ ಬಾವಿಯಿಂದಲೇ ಆರಂಭಿಸೋಣ. ಬೇಸಿಗೆಯಲ್ಲಿ ನೀರು ತಳ ಕಂಡಾಗ ನಮ್ಮ ಹಳ್ಳಿಗಳಲ್ಲಿ ಬಾವಿಯ ಕೆಸರು ತೆಗೆಯುವ ಕೆಲಸ ಶುರುವಾಗುತ್ತದೆ. ಒಬ್ಬ ಇಳಿಯುತ್ತಾನೆ, ತಳ ಮುಟ್ಟುವ ಮೊದಲೇ ತಲೆ ತಿರುಗಿ ಬೀಳುತ್ತಾನೆ. ಮೇಲಿದ್ದ ತಮ್ಮ "ಅಣ್ಣಾ" ಎಂದು ಕೂಗಿ ತಾನೂ ಇಳಿಯುತ್ತಾನೆ. ಆಮೇಲೆ ನೆರೆಮನೆಯವನು. ಒಂದೇ ಬಾವಿಯಿಂದ ಎರಡು ಮೂರು ಶವ ಎತ್ತಿದ ಸುದ್ದಿಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಇವರು ನೀರಿನಲ್ಲಿ ಮುಳುಗಿ ಸತ್ತವರಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು 21 ಭಾಗ ಆಮ್ಲಜನಕ ಇರುತ್ತದೆ. ಬಾವಿಗೆ ಬಿದ್ದ ಎಲೆ, ಕಸ ಕೊಳೆಯುವಾಗ ಅದು ಖರ್ಚಾಗಿ, ಗಾಳಿಗಿಂತ ಭಾರವಾದ ಇಂಗಾಲದ ಡೈ ಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಆಮ್ಲಜನಕ ತೀರಾ ಕಡಿಮೆಯಾದಲ್ಲಿ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪುತ್ತದೆ, ಕೂಗಲೂ ಸಮಯವಿರದು.

ಹಿರಿಯರು ದೀಪ ಇಳಿಸಿ ನೋಡುತ್ತಿದ್ದರು. ಆರಿದರೆ ಇಳಿಯಬಾರದು, ಅದು ಸರಿಯೇ. ಆದರೆ ಆರದಿದ್ದರೆ ಅಪಾಯವಿಲ್ಲ ಎಂದು ಹೇಳಲಾಗದು. ವಿಷಾನಿಲಕ್ಕೆ ದೀಪ ಸಾಕ್ಷಿ ಹೇಳುವುದಿಲ್ಲ, ಉರಿಯುವ ಅನಿಲವಿದ್ದರೆ ಹೊತ್ತಿಕೊಳ್ಳಲೂಬಹುದು. ಇಳಿಯುವ ಮುನ್ನ ಬ್ಲೋವರಿನಿಂದ ತಳದವರೆಗೆ ಗಾಳಿ ಹಾಯಿಸಬೇಕು. ಇಳಿಯುವವನ ಸೊಂಟಕ್ಕೂ ಹೆಗಲಿಗೂ ಹಗ್ಗ ಬಿಗಿದಿರಬೇಕು, ಮೇಲೆ ಎಳೆಯಬಲ್ಲ ಇಬ್ಬರಿರಬೇಕು. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಬೇಡಿ, ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ. ಒಬ್ಬ ಬಿದ್ದನೆಂದರೆ ಇನ್ನೊಬ್ಬ ಇಳಿಯಲೇಬಾರದು. ಇದು ಕಠಿಣ ಮಾತು, ತಾಯಿಯ ಎದುರಲ್ಲಿ ಹೇಳಲಾಗದ ಮಾತು. ಆದರೂ ಹಗ್ಗದಿಂದ ಎಳೆಯಿರಿ, 112ಕ್ಕೆ ಫೋನ್ ಮಾಡಿ ಅಗ್ನಿಶಾಮಕ ದಳ ಕರೆಸಿರಿ.

ಶೌಚಗುಂಡಿಯಂತೂ ಇನ್ನೂ ಕ್ರೂರ. ಅಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ವಾಸನೆ ಹೋಯಿತೆಂದು ನಂಬಿದವನು ಬೀಳುತ್ತಾನೆ. ರಕ್ಷಣಾ ಸಾಮಗ್ರಿಯಿಲ್ಲದೆ ಮನುಷ್ಯನನ್ನು ಅದರೊಳಗೆ ಇಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ಹೀಗೆ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಹೀರುವ ಯಂತ್ರದ ಲಾರಿ ಕರೆಸಿ. ನಾಲ್ಕು ಕಾಸು ಉಳಿಸಲು ಬಡವನೊಬ್ಬನನ್ನು ಇಳಿಸುವುದು ಯಾವ ಲೆಕ್ಕದ ಉಳಿತಾಯ?

ಅಡಕೆ ತೋಟದವರಿಗೆ ಒಂದು ಮಾತು. ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರ, ಮರ ಹತ್ತುವ ಅಪಾಯ ತಪ್ಪಿಸಿದೆ, ಒಳ್ಳೆಯದೇ. ಆದರೆ ಅದು ಬಿದಿರಲ್ಲ; ಅಲ್ಯೂಮಿನಿಯಂ ಏಣಿಯಂತೆ ಅದರಲ್ಲೂ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ತಂತಿ ಹಾದಿದ್ದರೆ ಆ ಸಾಲಿನ ಮರಗಳಿಗೆ ದೋಟಿ ಎತ್ತಬೇಡಿ.

ಅಡುಗೆಮನೆಯ ಸಂಗತಿ ತಾಯಂದಿರಿಗೆ ಗೊತ್ತಿದ್ದದ್ದೇ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ವಾಸನೆ ಬಂದರೆ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ದೇವರ ಪೀಠದ ದೀಪ ಅಡುಗೆಮನೆಯ ಪಕ್ಕದಲ್ಲೇ ಉರಿಯುವ ಮನೆಗಳಿವೆ, ಅದೂ ನೆನಪಿರಲಿ.

ಇನ್ನು ರಸ್ತೆ. ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳ ನೋಡಿ. ಸ್ಕೂಟರಿನ ಮುಂದೆ ಬಾಲಯೇಸುವಿನ ಚಿತ್ರ, ಕನ್ನಡಿಗೆ ನೇತುಹಾಕಿದ ಹೆಲ್ಮೆಟ್, ಅಪ್ಪನ ಮುಂದೆ ಬರಿತಲೆಯ ಮಗು. "ಯೇಸು ಕಾಪಾಡುತ್ತಾರೆ" ಎನ್ನುತ್ತೇವೆ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ಹೇಳಿದ್ದು ಯಾರು, ಯೇಸುಸ್ವಾಮಿ ಒಪ್ಪಿದರೇ ಎಂಬುದನ್ನು ಲೂಕನ ಶುಭಸಂದೇಶದ 4ನೇ ಅಧ್ಯಾಯದಲ್ಲಿ ಓದಿ. ಕುಡಿದು ಅಥವಾ ವೇಗದ ಹುಚ್ಚಿನಿಂದ ತನ್ನ, ಪರರ ಜೀವವನ್ನು ಅಪಾಯಕ್ಕೆ ಒಡ್ಡುವುದು ಗಂಭೀರ ತಪ್ಪೆಂದು 1992ರ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2290ನೇ ಪರಿಚ್ಛೇದ ಹೇಳುತ್ತದೆ. ಅದು ಬರುವುದು ಕೊಲ್ಲಬಾರದೆಂಬ ಐದನೆಯ ಕಟ್ಟಳೆಯ ವಿವರಣೆಯಲ್ಲಿ. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕ ಮಕ್ಕಳಿದ್ದರೆ 2022ರ ನಿಯಮದಂತೆ ಸವಾರನಿಗೆ ಕಟ್ಟುವ ಪಟ್ಟಿ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು.

ಬಿದ್ದವರನ್ನು ಎತ್ತಲು ಮಾತ್ರ ನಮಗೆ ಇನ್ನೂ ಅಂಜಿಕೆ. ಪೊಲೀಸ್, ಕೋರ್ಟು ಎಂಬ ಭಯ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ಯಾಜಕ ಪಕ್ಕಕ್ಕೆ ಸರಿದ, ಲೇವಿಯನೂ ಸರಿದ; ನಿಂತವನು ಸಮಾರಿಯದವನು. ನೆರವಾದವರಿಗೆ ಕಿರುಕುಳ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಮಾರ್ಗಸೂಚಿಗಳನ್ನು ಜಾರಿಗೆ ತಂದಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಹೊಸ ಕಲಮು ಸೇರಿತು. ಆ ಕಲಮಿನಲ್ಲಿ ಇಂಥ ಸಹಾಯಕನಿಗೆ ಇಟ್ಟಿರುವ ಹೆಸರೇ ಒಳ್ಳೆಯ ಸಮಾರಿಯದವನು. ಸದ್ಭಾವದಿಂದ ಸಹಾಯ ಮಾಡಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ವಿಳಾಸ ಹೇಳೆಂದು ಒತ್ತಾಯಿಸುವಂತಿಲ್ಲ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವ ತನಕ ಗಾಯದ ಮೇಲೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ. ಕುತ್ತಿಗೆಗೆ ಪೆಟ್ಟಾದಂತೆ ಕಂಡರೆ ಅಲುಗಾಡಿಸಬೇಡಿ, ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.