ಅಣಬೆಯ ಚೀಲ ಮನೆಗೆ ಬರುವ ಮುನ್ನ



ಮುಂಗಾರಿನ ನಾಲ್ಕು ಮಳೆ ಬಿದ್ದೊಡನೆ ಕರ್ಜಗಿಯ ಸುತ್ತಲಿನ ಹೊಲದ ಬದುಗಳಲ್ಲಿ ನಾಯಿಕೊಡೆಗಳು ಏಳುವುದನ್ನು ತಾವು ಕಂಡಿರುವಿರಿ. ಈಗ ಮನೆಯ ಮೂಲೆಯಲ್ಲಿಯೇ ಅಣಬೆ ಬೆಳೆಯುವ ಸಿದ್ಧ ಚೀಲಗಳೂ ದೊರೆಯುತ್ತವೆ. ಇವುಗಳಲ್ಲಿ ಕುಟುಂಬಕ್ಕೆ ಆಹಾರವಾಗುವ ಚೀಲವೂ ಉಂಟು, ಕೇಡು ತರುವ ಚೀಲವೂ ಉಂಟು. ಇವೆರಡರ ಭೇದವನ್ನು ಪತಿಪತ್ನಿಯರಿಬ್ಬರೂ ಅರಿತಿರಬೇಕು.

ಆಹಾರದ ಅಣಬೆ

ನೆನೆಸಿ, ಬಿಸಿ ಮಾಡಿ, ಆರಿಸಿದ ಭತ್ತದ ಹುಲ್ಲಿನೊಡನೆ ಅಣಬೆ ಬೀಜವನ್ನು ಚೀಲದಲ್ಲಿ ತುಂಬಿಟ್ಟರೆ ಸುಮಾರು ಮೂರು ವಾರಗಳಲ್ಲಿ ಹುಲ್ಲೆಲ್ಲ ಬೆಳ್ಳಗಾಗುತ್ತದೆ. ಬಳಿಕ ನೀರು ಚಿಮುಕಿಸುತ್ತ ಬಂದರೆ ಆಯ್ಸ್ಟರ್ ಅಣಬೆ ಮೂಡುತ್ತದೆ. ಇದು ಸಸಾರಜನಕವುಳ್ಳ ಒಳ್ಳೆಯ ಆಹಾರ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇದರ ಬಗ್ಗೆ ತರಬೇತಿ ನೀಡುತ್ತದೆ. ನಮ್ಮ ಜಿಲ್ಲೆಯವರು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಅಮಲಿನ ಅಣಬೆ

ಇದೇ ಬಗೆಯ ಚೀಲ, ಡಬ್ಬಿಗಳಲ್ಲಿ ಅಮಲೇರಿಸುವ ಅಣಬೆಯನ್ನು ಬೆಳೆಯುವ ಸಾಮಗ್ರಿಯನ್ನು ಕೆಲವರು ಗುಟ್ಟಾಗಿ ಮಾರುತ್ತಾರೆ. ಈ ಅಣಬೆಯಲ್ಲಿ ಸೈಲೋಸೈಬಿನ್ ಎಂಬ ವಸ್ತುವಿದೆ. 1985ರ ಮಾದಕ ದ್ರವ್ಯಗಳ ಕಾಯಿದೆಯು ಈ ವಸ್ತುವಿನ ತಯಾರಿಕೆ, ಸಂಗ್ರಹ ಮತ್ತು ಮಾರಾಟವನ್ನು ನಿಷೇಧಿಸುತ್ತದೆ. ಹೊರದೇಶಗಳಲ್ಲಿ ಮಾನಸಿಕ ರೋಗಗಳ ಚಿಕಿತ್ಸೆಗಾಗಿ ಇದರ ಸಂಶೋಧನೆ ನಡೆದಿರುವುದು ನಿಜ. ಆದರೆ ಅಲ್ಲಿ ಅಳೆದ ಪ್ರಮಾಣವಿದೆ, ಪಕ್ಕದಲ್ಲಿ ವೈದ್ಯರಿರುತ್ತಾರೆ. ಮನೆಯ ಅಣಬೆಯಲ್ಲಿ ಪ್ರಮಾಣವೆಷ್ಟೆಂಬುದು ಬೆಳೆದವನಿಗೂ ತಿಳಿಯದು.

ತಿಂದ ಅರ್ಧ ಅಥವಾ ಒಂದು ಗಂಟೆಯೊಳಗೆ ವಾಕರಿಕೆ, ಎದೆ ಬಡಿತ, ಕಣ್ಣಿನ ಪಾಪೆ ಹಿಗ್ಗುವುದು, ಇಲ್ಲದ್ದು ಕಾಣುವುದು, ತಡೆಯಲಾರದ ಭಯ ಇವು ತೋರಬಹುದು. ಇದು ನಾಲ್ಕರಿಂದ ಆರು ಗಂಟೆ ಇರುತ್ತದೆ. ಆ ಹೊತ್ತಿನಲ್ಲಿ ವ್ಯಕ್ತಿಗೆ ಬಾವಿಯ ದಂಡೆಯೂ ರಸ್ತೆಯೂ ಸರಿಯಾಗಿ ಕಾಣುವುದಿಲ್ಲ. ಮನೆತನದಲ್ಲಿ ಮಾನಸಿಕ ರೋಗವಿದ್ದರೆ ಅದು ಕೆರಳುವ ಸಂಭವವುಂಟು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಇದನ್ನು ಮುಟ್ಟಲೇಬಾರದು. ಒಣಗಿಸಿಟ್ಟ ಅಣಬೆಯನ್ನು ಮಗು ತಿಂಡಿಯೆಂದೇ ಬಾಯಿಗಿಟ್ಟುಕೊಳ್ಳುವುದು.

ಇನ್ನೊಂದು ಅಪಾಯ

ಪ್ರಾಣ ತೆಗೆಯುವ ಕಾಡು ಅಣಬೆಗಳು ತಿನ್ನುವ ಅಣಬೆಗಳನ್ನೇ ಹೋಲುತ್ತವೆ. ಹುಳು ತಿಂದ ಅಣಬೆ ನಿರಪಾಯವೆಂಬ ನಂಬಿಕೆ ತಪ್ಪು. ಕೆಲವು ವಿಷಗಳು ಕುದಿಸಿದರೂ ಹೋಗವು. ಇಂಥದನ್ನು ತಿಂದಾಗ ಆರು ಗಂಟೆ ಕಳೆದ ಮೇಲೆ ವಾಂತಿಭೇದಿ ಆರಂಭವಾಗುತ್ತದೆ. ಮರುದಿನ ಗುಣವಾದಂತೆ ತೋರುತ್ತದೆ. ಆದರೆ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಆದ್ದರಿಂದ ವಾಂತಿ ನಿಂತಿತೆಂದು ಮನೆಯಲ್ಲಿಯೇ ಉಳಿಯಬೇಡಿರಿ.

ಯಾರಾದರೂ ತಿಂದಿದ್ದರೆ

1. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ.
2. ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿ ಜೊತೆಗೆ ತನ್ನಿರಿ.
3. 108ಕ್ಕೆ ಕರೆಮಾಡಿರಿ. ವ್ಯಕ್ತಿಯನ್ನು ಒಂಟಿಯಾಗಿ ಬಿಡಬೇಡಿರಿ.
4. ತಿಂದದ್ದೇನು, ಎಷ್ಟು ಹೊತ್ತಾಯಿತು ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಿರಿ. ನಾಚಿಕೆಯಿಂದ ಕಳೆದ ಹೊತ್ತು ಮರಳಿ ಬಾರದು.

ಮನೆಯಲ್ಲಿ ಯಾರಿಗಾದರೂ ಅಮಲಿನ ಚಟವಿದ್ದರೆ ಬೈಗುಳದಿಂದ ಅದು ಬಿಡದು. 14416ಕ್ಕೆ ಕರೆಮಾಡಿ ಟೆಲಿ ಮಾನಸ್ ಸಲಹೆಯನ್ನು ಉಚಿತವಾಗಿ ಪಡೆಯಿರಿ, ಇಲ್ಲವೆ ಸಮೀಪದ ಆರೋಗ್ಯ ಕೇಂದ್ರಕ್ಕೆ ಬನ್ನಿರಿ.

ನೆನಪಿಡಿರಿ: ಹೆಸರು ತಿಳಿಯದ, ಮೂಲ ಅರಿಯದ ಅಣಬೆಯ ಚೀಲಕ್ಕೆ ಮನೆಯಲ್ಲಿ ಎಡೆಯಿಲ್ಲ. ಈ ಮಾತನ್ನು ಇಂದೇ ಇಬ್ಬರೂ ಕುಳಿತು ನಿಶ್ಚಯಿಸಿರಿ.